ಆಡಿ ಗಾಳಿಯಲ್ಲಿ ನೋಡಿದ ನಿವೇಶನ

ಅಥವಾ ಆ ಬೆಳಿಗ್ಗೆ ಗಾಳಿ ಅಷ್ಟು ಜೋರಾಗಿ ಇರಲೇ ಇಲ್ಲವೋ ಏನೋ. ಈ ಪ್ರಸಂಗವನ್ನು ಸಹೋದ್ಯೋಗಿಗಳಿಗೆ, ಆಮೇಲೆ ಹೊಸದಾಗಿ ಸೇರಿದ ಎಂಜಿನಿಯರುಗಳಿಗೆ, ಎಷ್ಟೋ ಸಲ ಹೇಳಿದ್ದೇನೆ. ಹೇಳಿದ ಹಾಗೆಲ್ಲ ಗಾಳಿ ಸ್ವಲ್ಪ ಸ್ವಲ್ಪವೇ ಏರುತ್ತ ಬಂದಿದೆ. ಮೊದಮೊದಲು ಅದು ಹೆಂಗಸರ ಸೆರಗನ್ನು ಮಾತ್ರ ಹಾರಿಸುತ್ತಿತ್ತು. ಈಗ ಟೆಂಪೊದ ಟಾರ್ಪಾಲನ್ನೇ ಕಿತ್ತುಕೊಂಡು ಹೋಗುತ್ತದೆ. ಟಾರ್ಪಾಲು ಹಾರಿದ್ದನ್ನು ನಾನು ಕಣ್ಣಾರೆ ನೋಡಿದೆನೋ, ಕಥೆಗೆ ಮೆರುಗು ಬರಲೆಂದು ಸೇರಿಸಿದೆನೋ, ಹೇಳಲಾರೆ. ಹೇಳಬಲ್ಲದ್ದು ಇಷ್ಟು. ವರ್ಷ 1985. ತಮಿಳರ ಆಡಿ ತಿಂಗಳು, ಅಂದರೆ ನಮ್ಮ ಆಷಾಢದ ಆಸುಪಾಸು. ಜಾಗ ಕೊಯಮತ್ತೂರಿನಿಂದ ಪಾಲಕ್ಕಾಡ್ ರಸ್ತೆಯಲ್ಲಿರುವ ಮದುಕ್ಕರೈಯ ಹೊರಗೆ, ಆಗಷ್ಟೇ ಕಲ್ಲು ನೆಟ್ಟಿದ್ದ ಒಂದು ಬಡಾವಣೆ. ಅಲ್ಲಿ ಒಂದು ಕುಟುಂಬ ತಾನು ಕೊಳ್ಳಬೇಕೆಂದಿದ್ದ ಸೈಟನ್ನು ಪರೀಕ್ಷೆ ಮಾಡಿದ ರೀತಿ ಇದೆಯಲ್ಲ, ಅಂಥದ್ದನ್ನು ನನ್ನ ಇಡೀ ನೌಕರಿಯಲ್ಲಿ ಮತ್ತೆ ಕಾಣಲಿಲ್ಲ.

ಆಗ ನಾನು ಕೊಯಮತ್ತೂರಿನ ಒಂದು ಗೃಹಸಾಲ ಸಂಘದಲ್ಲಿ ತಾಂತ್ರಿಕ ಅಧಿಕಾರಿ. ಸಾಲ ಕೇಳಿದವರು ಕೊಳ್ಳಲಿರುವ ಜಾಗಕ್ಕೆ ಹೋಗಿ ಮಣ್ಣು, ನೀರು, ದಾರಿ, ದಾಖಲೆ ಎಲ್ಲ ನೋಡಿ, ಇದರ ಮೇಲೆ ಸಾಲ ಕೊಡಬಹುದು ಅಥವಾ ಕೊಡಬಾರದು ಎಂದು ಬರೆಯುವುದು ನನ್ನ ಕೆಲಸ. ಸೈಟ್ ಇನ್‌ಸ್ಪೆಕ್ಷನ್ ಎನ್ನುತ್ತಿದ್ದೆವು. ತಿರುಪ್ಪೂರು ಆಗಿನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ. ಒಂದು ದಿನ ಕಾಂಗೇಯದ ಎಣ್ಣೆ ಮಿಲ್ಲುಗಳ ಹಿಂದಿನ ತೆಂಗಿನ ತೋಟ, ಮರುದಿನ ಪಾಲಕ್ಕಾಡ್ ಕಣಿವೆಯ ಬಾಯಿ, ಹೀಗೆ ಮೋಟಾರ್ ಸೈಕಲ್ಲಿನ ಮೇಲೆ ತಿರುಗುತ್ತಿದ್ದೆ. ನನ್ನ ಊರು ಚಾಮರಾಜನಗರದ ಕಡೆ. ದಿಂಬಂ ಘಾಟಿ ಇಳಿದು ಬಂದವನಾದ್ದರಿಂದ, ಕನ್ನಡ ಮಾತಾಡುವವರು ಯಾರೇ ಅರ್ಜಿ ಹಾಕಿದರೂ ಮ್ಯಾನೇಜರರು “ನಿಮ್ಮ ಊರಿನವರು ಬಂದಿದ್ದಾರೆ, ನೋಡಿ” ಎಂದು ನನ್ನ ಮೇಜಿಗೆ ಕಳಿಸುತ್ತಿದ್ದರು. ಅವರು ನನ್ನ ಊರಿನವರಲ್ಲ. ಅವರ ಹಿರಿಯರು ಘಟ್ಟ ಇಳಿದು ಬಂದು ಎಷ್ಟು ತಲೆಮಾರು ಕಳೆದಿದೆಯೋ ಅವರಿಗೇ ಗೊತ್ತಿರಲಿಲ್ಲ.

ರಾಮಲಿಂಗಂ ಮತ್ತು ಸೌಡಮ್ಮ ಹಾಗೆ ಬಂದವರು. ರಾಮಲಿಂಗಂ ಪಂಪ್‌ಸೆಟ್ ತಯಾರಿಸುವ ವರ್ಕ್‌ಶಾಪೊಂದರಲ್ಲಿ ಲೇಥ್ ಕೆಲಸಗಾರ. ಹೆಂಡತಿ ಸೌಡಮ್ಮ ಮನೆಯಲ್ಲಿ ಮಗ್ಗ ಹಾಕಿ ಹತ್ತಿ ಸೀರೆ ನೇಯುತ್ತಿದ್ದರು.

“ಸಾರ್ ಕನ್ನಡನಾ? ನಾವೂ ಕನ್ನಡಾನೇ,” ಎಂದರು ರಾಮಲಿಂಗಂ. “ಪೇಸೋದು ಮಟ್ಟುಂ, ಮಾತು ಮಾತ್ರ. ಬರೆಯೋಕೆ, ಓದೋಕೆ ತಮಿಳೇ.”

ನಾನು ನಾಲ್ಕು ಮಾತಾಡಿದ ಮೇಲೆ ಸೌಡಮ್ಮ ಗಂಡನ ಕಡೆ ತಿರುಗಿ, ನನಗೆ ಕೇಳಿಸುವ ಹಾಗೆಯೇ ಹೇಳಿದರು: “ಏನುಂಗ, ಸಾರ್ ಮಾತು ರೇಡಿಯೋ ತಿರುಗಿಸಿದ ಹಾಗೆ ಇದೆ.”

ಅವರ ಕಷ್ಟ ಸರಳವಾಗಿತ್ತು. ಪೇಟೆಯ ಹಳೆಯ ನೇಕಾರ ಬೀದಿಯಲ್ಲಿ ಅವರು ಬಾಡಿಗೆಗಿದ್ದ ಮನೆಯನ್ನು ಒಡೆಯ ಗೋದಾಮು ಕಟ್ಟುವವರಿಗೆ ಮಾರಿಬಿಟ್ಟಿದ್ದ. ಬರುವ ಯುಗಾದಿಯೊಳಗೆ ಖಾಲಿ ಮಾಡಬೇಕು. ಬೇರೆ ಬಾಡಿಗೆ ಮನೆ ಸಿಗುತ್ತಿತ್ತು, ಮಗ್ಗಕ್ಕೆ ಸಿಗುತ್ತಿರಲಿಲ್ಲ. ಸೌಡಮ್ಮನದು ಗುಂಡಿಮಗ್ಗ. ನೆಲದಲ್ಲಿ ಅಗೆದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ನೆಲದ ಮಟ್ಟದಲ್ಲಿ ಕೂತು ನೇಯುವ ಮಗ್ಗ. ಯಾವ ಒಡೆಯ ತಾನೇ ತನ್ನ ಮನೆಯ ನೆಲ ಅಗೆಯಲು ಬಿಡುತ್ತಾನೆ? ಹಾಗಾಗಿ ಸ್ವಂತ ಮನೆ. ಅವರ ವಂಶದಲ್ಲಿ ಯಾರೂ ಅದುವರೆಗೆ ಮನೆ ಕೊಂಡಿರಲಿಲ್ಲ.

ಮಗ್ಗ ನಿಂತರೆ ಏನಾಗುತ್ತದೆ ಎಂದು ನಾನು ಕೇಳಿದೆ. ಸೌಡಮ್ಮ ಹೇಳಿದರು: “ಸೋಮನೂರು ಕಡೆ ಪವರ್‌ಲೂಮ್ ಶೆಡ್ಡಿಗೆ ಹೋಗಬೇಕು ಸಾರ್. ಇನ್ನೊಬ್ಬರ ಕೆಳಗೆ ನಿಲ್ಲಬೇಕು. ನಾನು ಹೋಗಾದಿಲ್ಲ.” ಧ್ವನಿ ಏರಿಸಲಿಲ್ಲ. ಅಂಗಡಿಯಲ್ಲಿ ಇದು ಬೇಡ, ಅದು ಕೊಡಿ ಎನ್ನುವ ಹಾಗೆ ಹೇಳಿದರು.

ನಮ್ಮ ಸಂಘ ಸಾಲದ ಮೊತ್ತ ನಿಗದಿ ಮಾಡುತ್ತಿದ್ದುದು ಸಂಬಳದ ಚೀಟಿ ನೋಡಿ. ರಾಮಲಿಂಗಂಗೆ ಚೀಟಿ ಇತ್ತು. ಸೌಡಮ್ಮನಿಗೆ ಇರಲಿಲ್ಲ. ಆದ್ದರಿಂದ ಸಾಲದ ಲೆಕ್ಕದಲ್ಲಿ ಆ ಮನೆಗೆ ಒಬ್ಬರೇ ದುಡಿಯುವವರು. ವಾಸ್ತವದಲ್ಲಿ ಮಗ್ಗ ನಿಂತರೆ ಕಂತು ಕಟ್ಟುವುದು ಕಷ್ಟ ಎನ್ನುವುದು ನನಗೆ ಮೊದಲ ದಿನವೇ ಗೊತ್ತಾಯಿತು. ಊರೊಳಗಿನ ಜಾಗ ಅವರ ಕೈಗೆ ಎಟುಕದು. ಉಳಿದದ್ದು ಹೊರವಲಯ.

ಹೊರವಲಯ ಎಂದರೆ ಆಗ ಕೊಯಮತ್ತೂರಿನಲ್ಲಿ ಮೂರು ದಿಕ್ಕಿನ ಮಾತು. ಪೂರ್ವಕ್ಕೆ ಸಿಂಗಾನಲ್ಲೂರಿನಾಚೆ ಸೈಟು ಅಗ್ಗ. ಆದರೆ ಅಲ್ಲಿ ಕರಿಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು ಅದು. ಸಾಮಾನ್ಯ ಪಾಯ ಹಾಕಿದರೆ ಗೋಡೆ ಸೀಳುತ್ತದೆ. ಅಂಡರ್‌ರೀಮ್ಡ್ ಪೈಲ್ ಎಂದು, ಬುಡ ಉಬ್ಬಿದ ಕಾಂಕ್ರೀಟ್ ಕಂಬಗಳನ್ನು ಆಳಕ್ಕೆ ಇಳಿಸಿ ಅದರ ಮೇಲೆ ಮನೆ ಕೂರಿಸಬೇಕು. ಸೈಟಿನಲ್ಲಿ ಉಳಿದದ್ದು ಪಾಯದಲ್ಲಿ ಹೋಗುತ್ತದೆ. ಪಶ್ಚಿಮಕ್ಕೆ ವಡವಳ್ಳಿ ಕಡೆ ಒಳ್ಳೆಯ ಕೆಂಪು ಮಣ್ಣು, ಸಿರುವಾಣಿಯ ಸಿಹಿನೀರು. ಅದಕ್ಕೆ ತಕ್ಕ ಬೆಲೆ. ನೈಋತ್ಯಕ್ಕೆ ಮದುಕ್ಕರೈ. ಸಿಮೆಂಟ್ ಕಾರ್ಖಾನೆಯ ಊರು, ರೈಲು, ಬಸ್ಸು ಎರಡೂ ಉಂಟು. ಮೇಲೆ ಒಂದಡಿ ಮಣ್ಣು, ಕೆಳಗೆ ಸುಣ್ಣಕಲ್ಲು. ಎಂಜಿನಿಯರ್ ಆದವನಿಗೆ ಇದಕ್ಕಿಂತ ಒಳ್ಳೆಯ ಪಾಯ ಬೇಕಿಲ್ಲ.

“ಕರಿಮಣ್ಣಿನ ಜಾಗ ನೋಡುವುದಾದರೆ ಮಳೆಗಾಲದಲ್ಲಿ ನೋಡಿ,” ಎಂದೆ. “ಬೇಸಿಗೆಯಲ್ಲಿ ಎಲ್ಲ ಜಾಗವೂ ಚೆನ್ನಾಗಿಯೇ ಕಾಣುತ್ತದೆ. ಯಾವ ಜಾಗವೇ ಆಗಲಿ, ಅದರ ಕೆಟ್ಟ ಕಾಲದಲ್ಲಿ ನೋಡಬೇಕು.”

ಸೌಡಮ್ಮ ಈ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡದ್ದು ನನಗೆ ಆಗ ತಿಳಿಯಲಿಲ್ಲ.

ಮದುಕ್ಕರೈಯ ಬಡಾವಣೆಗೆ ನಗರ ಯೋಜನಾ ಇಲಾಖೆಯ ಅನುಮೋದನೆ ಇತ್ತು. ವಿಲ್ಲಂಗಂ, ಅಂದರೆ ಜಾಗದ ಮೇಲೆ ಹಿಂದಿನ ಸಾಲ-ತಕರಾರು ಇದೆಯೇ ಎಂಬ ದಾಖಲೆಯೂ ಸ್ವಚ್ಛವಾಗಿತ್ತು. ತೊಡಕು ಬಂದದ್ದು ಕಲ್ಲಿನಿಂದ. ಪಾಯಕ್ಕೆ ವರವಾದ ಕಲ್ಲೇ ಮಗ್ಗದ ಗುಂಡಿಗೆ ಶಾಪ. ಮನೆಯೊಳಗೆ ಗುಂಡಿ ತೋಡಬೇಕಾದರೆ ಸಿಡಿಮದ್ದು ಇಡಬೇಕು. ಈ ಮಾತು ನಡೆದದ್ದು ಅವರ ಬಾಡಿಗೆ ಮನೆಯಲ್ಲಿ. ರಾಮಲಿಂಗಂ ಅವರ ತಾಯಿ ನಂಜಮ್ಮಾಳ್ ರಾಟೆ ತಿರುಗಿಸುತ್ತ ಕೂತಿದ್ದರು. ಸೌಡಮ್ಮ ಮಗ್ಗದಲ್ಲಿ. ನಾನು ಹೊಸ್ತಿಲ ಬಳಿ ಮಣೆಯ ಮೇಲೆ.

ಇಲ್ಲಿ ನನ್ನ ವಿದ್ಯೆ ಕೆಲಸಕ್ಕೆ ಬಂತು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಾನು ಹೇಳಿದೆ: “ಅಮ್ಮಾ, ಗುಂಡಿ ಅಂದರೆ ಏನು? ಕಾಲು ಕೆಳಗೆ ಇರಬೇಕು, ಕೂರುವ ನೆಲ ಮೇಲೆ ಇರಬೇಕು. ಕೆಳಗೆ ಅಗೆಯಲು ಆಗದಿದ್ದರೆ ನೆಲವನ್ನೇ ಮೇಲೆತ್ತೋಣ. ಪ್ಲಿಂತ್ ಎರಡೂವರೆ ಅಡಿ ಎತ್ತರಿಸಿ, ಮಗ್ಗದ ಜಾಗದಲ್ಲಿ ಮಾತ್ರ ಮಣ್ಣು ತುಂಬದೆ ಬಿಡೋಣ. ಗುಂಡಿ ತಾನಾಗಿಯೇ ಆಗುತ್ತದೆ.” ಪ್ಲಿಂತ್ ಎಂದರೆ ಹೊರಗಿನ ನೆಲದಿಂದ ಮನೆಯೊಳಗಿನ ನೆಲದವರೆಗಿನ ಎತ್ತರ.

ನಂಜಮ್ಮಾಳ್ ರಾಟೆ ನಿಲ್ಲಿಸಿದರು. “ಬಾವಿ ತೋಡೋಕೆ ಆಗದೆ ಊರನ್ನೇ ಎತ್ತಿದ ಹಾಗಾಯ್ತು, ಕಣ್ಣು,” ಎಂದರು. ಆ ಕಡೆಯ ಹಿರಿಯರು ಪ್ರೀತಿಯಿಂದ ಯಾರನ್ನೇ ಆಗಲಿ ಕಣ್ಣು ಎನ್ನುತ್ತಾರೆ. ತಮಾಷೆ ಮಾಡುವಾಗಲೂ.

ಸೌಡಮ್ಮ ನಗಲಿಲ್ಲ. “ಮಣ್ಣಿನ ತಂಪು ಬರ್ತದಾ ಸಾರ್? ಗುಂಡೀಲಿ ತಂಪಿಲ್ಲ ಅಂದ್ರೆ ನೂಲು ಪಟಪಟ ಅಂತ ಕಿತ್ಕೊಳ್ತದೆ.”

“ಗುಂಡಿಯ ತಳ ಬರೀ ನೆಲ. ಸುತ್ತಲೂ ಎರಡೂವರೆ ಅಡಿ ಮಣ್ಣು. ನೀರು ಚಿಮುಕಿಸಿದರೆ ಹಿಡಿದಿಟ್ಟುಕೊಳ್ಳುತ್ತದೆ.”

ಅವರು ಒಂದು ಸಲ ಲಾಳಿ ಓಡಿಸಿದರು, ಇನ್ನೊಂದು ಸಲ ಓಡಿಸಿದರು. “ಸೆರಿ. ಮಗ್ಗ ಆಯ್ತು. ಪಾವು?”

ಪಾವು ಎಂದರೆ ಹಾಸು, ಸೀರೆಯ ಉದ್ದಕ್ಕೆ ಓಡುವ ನೂಲು. ಮಗ್ಗಕ್ಕೆ ಏರಿಸುವ ಮೊದಲು ಅದಕ್ಕೆ ಗಂಜಿ ಹಾಕಬೇಕು. ಮನೆಯೊಳಗೆ ಆಗುವ ಕೆಲಸವಲ್ಲ. ಬೆಳಗಿನ ಜಾವ ಬೀದಿಯ ಈ ತುದಿಗೊಂದು, ಆ ತುದಿಗೊಂದು ಗೋಡಿ ಎನ್ನುವ ಮರದ ಕವೆಗಾಲು ನಿಲ್ಲಿಸಿ, ಹಾಸನ್ನು ಎಳೆದು ಕಟ್ಟಿ, ನಡುನಡುವೆ ಬಿದಿರು ಕಡ್ಡಿ ತೂರಿಸಿ ಎಳೆ ಎಳೆ ಬಿಡಿಸಿ, ಕುಂಚದಿಂದ ಗಂಜಿ ತೀಡುತ್ತ ಹೋಗಬೇಕು. ಬಿಸಿಲು ಏರುವ ಮೊದಲು ಒಣಗಬೇಕು, ಎಳೆಗಳು ಒಂದಕ್ಕೊಂದು ಅಂಟಬಾರದು. ಒಬ್ಬರಿಂದ ಆಗದು. ನೇಕಾರ ಬೀದಿಯಲ್ಲಿ ಇದಕ್ಕೆ ಆಳು ಕರೆಯುವುದಿಲ್ಲ. ಇವತ್ತು ನಿನ್ನ ಪಾವಿಗೆ ನಾನು, ನಾಳೆ ನನ್ನ ಪಾವಿಗೆ ನೀನು. ಆದ್ದರಿಂದ ನೇಕಾರರ ಮನೆಗೆ ಗೋಡೆ ನಾಲ್ಕಾದರೆ ಐದನೆಯದು ಬೀದಿ.

ನಾನು ಆ ಹೊತ್ತಿಗೆ ನೂರಾರು ಸೈಟು ನೋಡಿದ್ದವನು. ಬೀದಿಯನ್ನು ದಾರಿ ಎಂದು ನೋಡಿದ್ದೆ: ಲಾರಿ ಬರುತ್ತದೆಯೇ, ಚರಂಡಿ ಎತ್ತ ಹರಿಯುತ್ತದೆ. ಅವರು ಆರಿಸಿದ್ದ ಸೈಟಿನ ಮುಂದೆ ಮೂವತ್ತಡಿಯ ನೇರ ರಸ್ತೆ ಇತ್ತು. ಸಾಕಷ್ಟು ಅಗಲ, ಸಾಕಷ್ಟು ಉದ್ದ. ಮನೆ ಪೂರ್ವಕ್ಕೆ ಮುಖ. ದಳ್ಳಾಳಿ ಆರುಮುಗಂ ಅದನ್ನೇ ಹೊಗಳಿ ಹೊಗಳಿ ಹೇಳಿದ್ದ. ನಂಜಮ್ಮಾಳ್‌ಗೂ ಅದೇ ಬೇಕಿತ್ತು. ಬಾಗಿಲು ತೆಗೆದರೆ ಸೂರ್ಯ ಕಾಣಬೇಕು. ಎಲ್ಲರೂ ಒಪ್ಪಿ, ಆಡಿ ಕಳೆದು ಆವಣಿ ಹುಟ್ಟಿದ ಮೇಲೆ ಮುಂಗಡ ಕೊಡುವುದೆಂದಾಯಿತು. ಆಡಿಯಲ್ಲಿ ಅಲ್ಲಿ ಯಾರೂ ಜಾಗ ಕೊಳ್ಳುವುದಿಲ್ಲ, ಮದುವೆ ಮಾಡುವುದಿಲ್ಲ.

ಆಡಿಯ ನಡುವೆ ಒಂದು ದಿನ ರಾಮಲಿಂಗಂ ಆಫೀಸಿಗೆ ಬಂದು, ಏನೋ ತಪ್ಪು ಮಾಡುತ್ತಿರುವವರಂತೆ ತಲೆ ಕೆರೆದುಕೊಂಡರು. “ಸಾರ್, ನಾಳಿದ್ದು ಕಾಲೈಲೆ, ಬೆಳಗಿನ ಜಾವ, ಮದುಕ್ಕರೈಗೆ ಬರ್ತೀರಾ? ಅವಳು ಪಾವು ಹಾಕ್ತಾಳಂತೆ. ಅಲ್ಲೇ, ಸೈಟಿನ ಮುಂದೆ, ಆ ತೆರುವಲ್ಲೇ.”

“ಇನ್ನೂ ಕೊಂಡೇ ಇಲ್ಲವಲ್ಲ?”

“ನಾನೂ ಅದೇ ಹೇಳ್ದೆ. ಸಾರೇ ಹೇಳಿದಾರೆ, ಕೆಟ್ಟ ಕಾಲದಲ್ಲಿ ನೋಡು ಅಂತ, ಅಂತಾಳೆ.”

ಆಡಿ ಗಾಳಿಗೆ ಅಮ್ಮಿಕಲ್ಲೂ ಹಾರುತ್ತದೆ ಎಂದು ತಮಿಳಿನಲ್ಲಿ ಗಾದೆ. ಅಮ್ಮಿಕಲ್ಲು ಅಂದರೆ ಮಸಾಲೆ ಅರೆಯುವ ಕಲ್ಲು. ಪಶ್ಚಿಮ ಘಟ್ಟದಲ್ಲಿ ಪಾಲಕ್ಕಾಡಿನ ಹತ್ತಿರ ಒಂದು ದೊಡ್ಡ ಕಿಂಡಿ ಇದೆ. ಮುಂಗಾರಿನ ಗಾಳಿ ಅದರಲ್ಲಿ ನುಗ್ಗಿ ಬರುತ್ತದೆ. ಮದುಕ್ಕರೈ ಇರುವುದು ಆ ಕಿಂಡಿಯ ಬಾಯಲ್ಲೇ.

ಅವರು ಬಂದದ್ದು ಕೇರಳಕ್ಕೆ ತರಕಾರಿ ಒಯ್ಯುವ ಟೆಂಪೊದಲ್ಲಿ. ಕೋಸಿನ ಮೂಟೆಗಳ ಮೇಲೆ ನಂಜಮ್ಮಾಳ್, ಗಂಜಿಯ ಗಡಿಗೆ ತಬ್ಬಿಕೊಂಡು ಸೌಡಮ್ಮ, ಗೋಡಿ, ಹಗ್ಗ, ಬಿದಿರು ಕಡ್ಡಿಗಳ ಜೊತೆ ರಾಮಲಿಂಗಂ ಮತ್ತು ಸೌಡಮ್ಮನ ಇಬ್ಬರು ತಮ್ಮಂದಿರು. ನೂಲು ಅವರದಲ್ಲ, ನೇಯಲು ವ್ಯಾಪಾರಿ ಕೊಟ್ಟದ್ದು. ಹಾಳಾದರೆ ಮುಂದೆ ನೂಲು ಕೊಡುವುದು ಅವನ ಮರ್ಜಿ. ಹಳೆಯ ನೂಲಿನಲ್ಲಿ ಪರೀಕ್ಷೆ ಮಾಡಬಹುದಿತ್ತಲ್ಲ ಎಂದು ನಾನು ಕೇಳಿದ ನೆನಪಿದೆ. ಸೌಡಮ್ಮ, “ಹಳೆ ನೂಲಾದ್ರೆ ನನ್ನ ಕೈ ಬಿಗಿ ಇರಾದಿಲ್ಲ ಸಾರ್,” ಎಂದರು.

ಆರುಮುಗಂ ಸೈಕಲ್ಲಿನಲ್ಲಿ ಓಡಿ ಬಂದ. “ಏನಮ್ಮಾ, ಆಡಿಯಲ್ಲಿ ಬಂದು ಬೀದಿಯಲ್ಲಿ ಹಗ್ಗ ಕಟ್ಟುತ್ತಿದ್ದೀರಿ? ನೋಡಿದವರು ಏನೆಂದುಕೊಳ್ಳುತ್ತಾರೆ?”

“ಕೊಳ್ಳೋಕೆ ಬಂದಿಲ್ಲ ಅಣ್ಣಾ. ಪಾವು ಹಾಕಿ ಹೋಗ್ತೀವಿ,” ಎಂದರು ಸೌಡಮ್ಮ ತಮಿಳಿನಲ್ಲಿ. “ನೀನು ಆ ಕಡೆ ನಿಲ್ಲು. ಗಾಳಿಗೆ ನಿನ್ನ ಪಂಚೆ ಪಾವಿಗೆ ತಾಗುತ್ತೆ.”

ಗೋಡಿ ನಿಂತವು. ಹಾಸು ಎಳೆದು ಕಟ್ಟಿದರು. ಮೊದಲ ಸಲ ಕುಂಚ ಓಡಿದಾಗ ಎಲ್ಲ ಚೆನ್ನಾಗಿಯೇ ಇತ್ತು, ಅಥವಾ ಹಾಗೆಂದು ನಾನು ಅಂದುಕೊಂಡಿದ್ದೆ. ಗಾಳಿ ಬೀಸಿದ್ದು ಗಂಜಿ ಅರ್ಧ ದಾರಿ ಮುಟ್ಟಿದ ಮೇಲೆ. ರಸ್ತೆ ಇದ್ದದ್ದು ಉತ್ತರ-ದಕ್ಷಿಣವಾಗಿ. ಪೂರ್ವಕ್ಕೆ ಮುಖ ಮಾಡಿದ ಮನೆ ಬೇಕೆಂದರೆ ರಸ್ತೆ ಹಾಗೆಯೇ ಇರಬೇಕು. ಗಾಳಿ ಬಂದದ್ದು ಪಶ್ಚಿಮದಿಂದ, ಹಾಸಿನ ಪಕ್ಕೆಗೆ. ಇಡೀ ಹಾಸು ದೋಣಿಯ ಹಾಯಿಯಂತೆ ಪೂರ್ವಕ್ಕೆ ಉಬ್ಬಿತು. ಒದ್ದೆ ಎಳೆಗಳು ಒಂದರ ಮೇಲೊಂದು ಬಿದ್ದು, ಅಂಟಿ, ಹಗ್ಗದಂತೆ ಹೊಸೆದುಕೊಳ್ಳತೊಡಗಿದವು. ತಮ್ಮಂದಿರಲ್ಲಿ ಒಬ್ಬ ಕೈಯಿಂದ ಬಿಡಿಸಲು ಹೋದ. ಎಳೆಗಳು ತುಂಡಾದವು. ಬಿದಿರು ಕಡ್ಡಿಗಳು ಒಂದಕ್ಕೊಂದು ಬಡಿದ ಶಬ್ದ ನನಗೆ ಈಗಲೂ ಕೇಳುತ್ತದೆ. ಈ ನೆನಪನ್ನು ಮಾತ್ರ ನಾನು ನಂಬುತ್ತೇನೆ, ಯಾಕೆಂದರೆ ಅದನ್ನು ಯಾರಿಗೂ ಹೇಳಿರಲಿಲ್ಲ.

“ಮುಟ್ಟಬೇಡ!” ಎಂದು ಸೌಡಮ್ಮ ಕೂಗಿದರು. “ಬಿಚ್ಚಬೇಡ, ಹಾಗೇ ಎತ್ತು!”

ಮುಂದಿನದರ ಬಗ್ಗೆ ನನ್ನ ಬಳಿ ಮೂರು ಕಥೆಗಳಿವೆ. ಒಂದರಲ್ಲಿ ನಾನೇ ಬಡಾವಣೆಯ ನಕಾಶೆ ನೆನೆದು, ದಕ್ಷಿಣದ ಅಂಚಿನಲ್ಲಿ ಪೂರ್ವ-ಪಶ್ಚಿಮವಾಗಿ ಒಂದು ಓಣಿ ಇದೆ ಎಂದು ಕೈ ತೋರಿಸುತ್ತೇನೆ. ಇನ್ನೊಂದರಲ್ಲಿ ಸೌಡಮ್ಮ ಗಾಳಿಗೆ ಬೆನ್ನು ಮಾಡಿ ನಿಂತು, ಸುತ್ತ ನೋಡಿ, ತಾವೇ ಆ ಕಡೆ ಓಡುತ್ತಾರೆ. ಮೂರನೆಯದರಲ್ಲಿ ಆ ಓಣಿಯಲ್ಲಿ ಆಗಲೇ ಮನೆ ಕಟ್ಟಿಕೊಂಡಿದ್ದ ಪಳನಿಯಮ್ಮಾಳ್, ರೈಲ್ವೆ ಗ್ಯಾಂಗ್‌ಮನ್ ಒಬ್ಬರ ಹೆಂಡತಿ, ಮೂಲೆಯಲ್ಲಿ ನಿಂತು ಕರೆಯುತ್ತಾಳೆ: “ಅಕ್ಕಾ, ಇಲ್ಲಿ ಬಾ! ಇಲ್ಲಿ ಗಾಳಿ ಬೀದಿಗುಂಟ ಹೋಗುತ್ತೆ. ನಾನು ಬಟ್ಟೆ ಒಣಹಾಕೋದು ಇಲ್ಲೇ!” ಮೊದಲನೆಯದನ್ನು ನಾನು ಅತಿ ಹೆಚ್ಚು ಸಲ ಹೇಳಿದ್ದೇನೆ. ಮೂರನೆಯದೇ ನಿಜವಿರಬೇಕು ಎಂದು ಈಗ ಅನ್ನಿಸುತ್ತದೆ.

ಯಾರು ಹೇಳಿದರೂ ಆದದ್ದು ಒಂದೇ. ಹಾಸನ್ನು ಮಗುವನ್ನು ಎತ್ತಿಕೊಳ್ಳುವ ಹಾಗೆ ತೋಳುಗಳ ಮೇಲೆ ಹಾಕಿಕೊಂಡು, ಮಡಿಕೆ ಒತ್ತದಂತೆ, ಎಲ್ಲರೂ ಮೂಲೆ ತಿರುಗಿದರು. ರಾಮಲಿಂಗಂ, ತಮ್ಮಂದಿರು, ಪಳನಿಯಮ್ಮಾಳ್, ಅವಳ ಪಕ್ಕದ ಮನೆಯ ಹೆಂಗಸು, ಬೈಯುತ್ತಲೇ ಒಂದು ಗೋಡಿ ಹೊತ್ತ ಆರುಮುಗಂ. ನಾನು ಇನ್ನೊಂದು ಗೋಡಿ. ಓಣಿಯಲ್ಲಿ ಹಾಸನ್ನು ಮತ್ತೆ ಎಳೆದು ಕಟ್ಟಿದಾಗ ಗಾಳಿ ಅದರ ಉದ್ದಕ್ಕೆ ಹರಿಯಿತು. ಹಾಸು ಬರೀ ನಡುಗಿತು, ಉಬ್ಬಲಿಲ್ಲ. ಸೌಡಮ್ಮ ಅಂಟಿದ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತ, ತುಂಡಾದವನ್ನು ಬೆರಳಲ್ಲಿ ಹೊಸೆದು ಸೇರಿಸುತ್ತ, ಈ ತುದಿಯಿಂದ ಆ ತುದಿಗೆ ನಡೆದರು. ಆಮೇಲೆ ಕುಂಚ ತೆಗೆದುಕೊಂಡರು. ಪಳನಿಯಮ್ಮಾಳ್‌ಗೆ ಕಡ್ಡಿ ಹಿಡಿಯುವುದು ಹೇಗೆಂದು ಒಂದೇ ಸಲ ತೋರಿಸಿದರು.

“ಗಟ್ಟಿ ಹಿಡಿಯಬೇಡ, ಅಮ್ಮಿಣಿ. ಹಾಲು ಕರೆಯೋ ಹಾಗೆ.”

“ನಮ್ಮ ಮನೇಲಿ ಇರೋದು ಕೋಳಿ, ಅಕ್ಕಾ. ಹಾಲು ಎಲ್ಲಿಂದ ಕರೆಯಲಿ?”

ನೂಲು ಉಳಿಯಿತು. ಒಂದು ಅಂಚು ಕೆಟ್ಟಿತ್ತು, ನೇಯಲು ಅಡ್ಡಿಯಿಲ್ಲ ಎಂದರು. ಹಾಸು ಒಣಗುವಾಗ ಎಲ್ಲರೂ ಬೇಲಿಯ ನೆರಳಿಗೆ ಕೂತೆವು. ಓಣಿಯ ಒಂದೇ ಬದಿಗೆ ಸೈಟುಗಳು. ಎದುರು ಬದಿಗೆ ಕಿಳುವೆ ಗಿಡದ ಹಸಿರು ಬೇಲಿ, ಅದರಾಚೆ ಯಾರದೋ ಮೇವಿನ ಹೊಲ. ಸೈಟುಗಳೆಲ್ಲ ದಕ್ಷಿಣಕ್ಕೆ ಮುಖ. ಅದಕ್ಕೇ ಬಡಾವಣೆಯಲ್ಲೇ ಅತಿ ಅಗ್ಗ. ಅದಕ್ಕೇ ಇನ್ನೂ ಮಾರಾಟವಾಗದೆ ಉಳಿದಿದ್ದವು.

“ಇಲ್ಲೇ ವಾಂಗಾಣ,” ಎಂದರು ಸೌಡಮ್ಮ, ಇಲ್ಲೇ ಕೊಳ್ಳೋಣ ಎಂದು.

ನಂಜಮ್ಮಾಳ್ ತಲೆ ಎತ್ತಲಿಲ್ಲ. “ತೆಂಕಲು ಬಾಗಿಲು ಯಮನ ದಿಕ್ಕು. ನಾನು ಬರಾದಿಲ್ಲ. ನೀವು ಹೋಗಿ.”

ಕನ್ನಡ ಬಾರದ ಪಳನಿಯಮ್ಮಾಳ್‌ಗೆ ಯಮ ಎಂಬ ಶಬ್ದ ಸಾಕಾಯಿತು. “ಪಾಟೀ, ನಮ್ಮ ಬೀದಿಗೆ ಪೋಸ್ಟ್‌ಮ್ಯಾನೇ ಬರೋದಿಲ್ಲ. ಯಮನಿಗೆ ವಿಳಾಸ ಯಾರು ಕೊಡುತ್ತಾರೆ?” ಎಂದು ಅಜ್ಜಿಗೆ ಹೇಳಿದಳು.

ಎಲ್ಲರೂ ನಕ್ಕರು, ನಂಜಮ್ಮಾಳ್ ಒಬ್ಬರನ್ನು ಬಿಟ್ಟು. ರಾಮಲಿಂಗಂ ತಾಯಿಯ ಮುಖ, ಹೆಂಡತಿಯ ಮುಖ ನೋಡುತ್ತ, “ಅಮ್ಮ ಬೇಡ ಅಂದ್ರೆ ಹೇಗೆ...” ಎಂದು ಶುರು ಮಾಡಿದರು.

ಸೌಡಮ್ಮ ಮೆತ್ತಗೆ ಹೇಳಿದರು: “ಅತ್ತೆ, ಈಗಿರೋ ಮನೆ ಮೂಡಲು ಬಾಗಿಲೇ ಅಲ್ವಾ? ಮಾವ ಅಲ್ಲೇ ಅಲ್ವಾ ಹೋದದ್ದು?”

ಆರುಮುಗಂ ಬೀಡಿ ಹಚ್ಚುವುದನ್ನು ನಿಲ್ಲಿಸಿದ. ಆ ಮಾತು ಅತಿಯಾಯಿತು ಎಂದು ಸೌಡಮ್ಮನಿಗೇ ಅನ್ನಿಸಿರಬೇಕು. ಎದ್ದು ಹೋಗಿ ಹಾಸನ್ನು ಮುಟ್ಟಿ ನೋಡಿದರು, ಆಗಷ್ಟೇ ನೋಡಿದ್ದರೂ.

ನಾನು ಬಾಯಿ ಹಾಕಿದೆ. ಮನೆತನದ ಜಗಳದಲ್ಲಿ ಎಂಜಿನಿಯರ್ ಬಾಯಿ ಹಾಕಬಾರದು, ಆದರೆ ಬಾಗಿಲು ನನ್ನ ಕ್ಷೇತ್ರ. “ಪಾಟಿ, ಸೈಟು ದಕ್ಷಿಣಕ್ಕಿದ್ದರೆ ಮನೆಯ ಬಾಗಿಲೂ ದಕ್ಷಿಣಕ್ಕೇ ಇರಬೇಕು ಅಂತ ಯಾವ ಕಾನೂನೂ ಇಲ್ಲ. ಪಕ್ಕದಲ್ಲಿ ಹೇಗೂ ಜಾಗ ಬಿಡಲೇಬೇಕು, ಅದು ನಿಯಮ. ಪೂರ್ವದ ಬದಿಗೆ ಎರಡಡಿ ಹೆಚ್ಚು ಬಿಟ್ಟು, ಹೊಸ್ತಿಲನ್ನು ಅಲ್ಲಿ ಇಡೋಣ. ಬೀದಿಗೆ ಗೇಟು ಮಾತ್ರ. ಕೋಣೆ ಎರಡಡಿ ಸಣ್ಣದಾಗುತ್ತದೆ, ಮಗ್ಗದ ಕೋಣೆ ಅಲ್ಲ.”

ನಂಜಮ್ಮಾಳ್ ಮಣ್ಣಿನ ಮೇಲೆ ಬೆರಳಿನಿಂದ ಎರಡು ಗೆರೆ ಎಳೆದರು. ಆಮೇಲೆ, “ಅಂದ್ರೆ ಯಮನಿಗೆ ಗೇಟು, ಲಚುಮಿಗೆ ಬಾಗಿಲು,” ಎಂದರು.

“ಹಾಗೇ ಇಟ್ಕೊಳ್ಳಿ.”

“ಗೇಟಿಗೆ ಬೀಗ ಹಾಕ್ಬೇಕು, ಕಣ್ಣು,” ಎಂದು ಅವರು ಕೈ ಚಾಚಿದರು. ಏಳಲು ಸೌಡಮ್ಮನೇ ಕೈ ಕೊಟ್ಟರು.

ಆಮೇಲೆ ನನ್ನ ಕೆಲಸ ನಾನು ಮಾಡಿದೆ. ಓಣಿ ಪಶ್ಚಿಮದಲ್ಲಿ ಒಂದು ಹಳ್ಳಕ್ಕೆ ಹೋಗಿ ನಿಲ್ಲುತ್ತಿತ್ತು. ಬಡಾವಣೆಗಳಲ್ಲಿ ಇಂದು ಕೊನೆಯಾಗುವ ರಸ್ತೆ ನಾಳೆ ಪಕ್ಕದ ಹೊಲವೂ ಬಡಾವಣೆಯಾದಾಗ ಮುಂದುವರಿದು ಬಸ್ಸಿನ ದಾರಿಯ ಕೊಂಡಿಯಾಗಬಹುದು. ಕೊಳ್ಳುವವರು ಇದನ್ನು ಮರೆಯುತ್ತಾರೆ. ಇಲಾಖೆಗೆ ಹೋಗಿ ನಕಾಶೆ ನೋಡಿದೆ. ಹಳ್ಳ ಸರ್ಕಾರಿ ಜಾಗ, ಅದರ ಮೇಲೆ ರಸ್ತೆ ಒಯ್ಯುವ ಪ್ರಸ್ತಾಪ ಇರಲಿಲ್ಲ. ಓಣಿ ಓಣಿಯಾಗಿಯೇ ಉಳಿಯುತ್ತದೆ, ವಾಹನ ಓಡಾಡುವುದಿಲ್ಲ. ಹಳ್ಳಕ್ಕೆ ಅಂಟಿದ ಕೊನೆಯ ಸೈಟು ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು. ಅದನ್ನು ಬೇಡ ಎಂದೆ. ಅದರಿಂದ ಮೇಲಕ್ಕೆ, ನೀರು ಏರಲಾರದ ಎತ್ತರದಲ್ಲಿದ್ದ ಸೈಟನ್ನು ಶಿಫಾರಸು ಮಾಡಿದೆ. ಮ್ಯಾನೇಜರರು ದಕ್ಷಿಣಮುಖದ ಸೈಟು ಮುಂದೆ ಮಾರಲು ಕಷ್ಟ, ಸಾಲಕ್ಕೆ ಭದ್ರತೆ ಕಡಿಮೆ ಎಂದು ಆಕ್ಷೇಪಿಸಿದರು. ಇವರು ಮಾರಲು ಕೊಳ್ಳುತ್ತಿಲ್ಲ ಸಾರ್, ಇರಲು ಕೊಳ್ಳುತ್ತಿದ್ದಾರೆ ಎಂದೆ. ಆ ವಾದ ನಿಯಮದಲ್ಲಿ ಇರಲಿಲ್ಲ. ಆದರೂ ಅವರು ಸಹಿ ಹಾಕಿದರು.

ಆವಣಿಯಲ್ಲಿ ನೋಂದಣಿಯಾಯಿತು. ಪಾಯ ನಾನು ಅಂದುಕೊಂಡದ್ದಕ್ಕಿಂತ ಬೇಗ ಮುಗಿಯಿತು, ಕಲ್ಲಿನ ದಯೆ. ಹಂತ ಹಂತವಾಗಿ ಸಾಲ ಬಿಡುಗಡೆ ಮಾಡಲು ನಾನೇ ಹೋಗಿ ನೋಡುತ್ತಿದ್ದೆ. ಎತ್ತರದ ಪ್ಲಿಂತಿನ ನಡುವೆ ಮಗ್ಗದ ಗುಂಡಿ ಅಚ್ಚುಕಟ್ಟಾಗಿ ಬಂದಿತ್ತು. ಮೇಸ್ತ್ರಿ ಅದನ್ನು ನೀರಿನ ತೊಟ್ಟಿ ಎಂದುಕೊಂಡು ಸಿಮೆಂಟ್ ಬಳಿಯಲು ಹೊರಟಿದ್ದನಂತೆ. ಸೌಡಮ್ಮ ಬೈದು ನಿಲ್ಲಿಸಿದ್ದರು. ಹೊಸ್ತಿಲು ಪೂರ್ವಕ್ಕಿತ್ತು. ನಾನು ಕೊನೆಯ ಸಲ ಹೋದಾಗ ಛಾವಣಿಗೆ ನೀರು ಕಟ್ಟಿದ್ದರು, ಯುಗಾದಿ ಇನ್ನೂ ದೂರವಿತ್ತು. ಮಗ್ಗ ಬಂದಿರಲಿಲ್ಲ. ಆಮೇಲೆ ನನಗೆ ವರ್ಗವಾಯಿತು.

ಆ ಆಡಿಯ ನಂತರ, ಮೊದಲ ಸಲ ಮನೆ ಕೊಳ್ಳುವವರು ಯಾರೇ ಬಂದರೂ ನಾನು ಬೆಲೆ, ದಿಕ್ಕು ಕೇಳುವ ಮೊದಲು ಕೇಳುವುದನ್ನು ಕಲಿತೆ: ನಿಮ್ಮ ಮನೆಯಲ್ಲಿ ಹಗಲು ಯಾರಿರುತ್ತಾರೆ, ಅವರು ಏನು ಮಾಡುತ್ತಾರೆ, ಅದರಲ್ಲಿ ಎಷ್ಟು ಬಾಗಿಲ ಹೊರಗೆ ನಡೆಯುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಯಾವ ಹೊರವಲಯ ಅಗ್ಗ, ಯಾವುದು ಅಗ್ಗದಂತೆ ಕಾಣುತ್ತದೆ ಎಂದು ಹೇಳುವುದು ಕಷ್ಟವಲ್ಲ. ನನ್ನ ಶಿಫಾರಸುಗಳಲ್ಲಿ ಕೆಟ್ಟವೂ ಇದ್ದಾವು. ಇದು ಒಳ್ಳೆಯದು ಎಂದು ಇವತ್ತಿಗೂ ಹೇಳಬಲ್ಲೆ.

ಆದರೆ ನಾನು ಪರೀಕ್ಷಿಸಿದ್ದು ಕಲ್ಲು, ಹಳ್ಳ, ನಕಾಶೆ. ಗಾಳಿಯನ್ನು ಅವರು ಪರೀಕ್ಷಿಸಿದರು. ಒಂದನ್ನು ಇಬ್ಬರಿಗೂ ಪರೀಕ್ಷಿಸಲು ಆಗಲಿಲ್ಲ. ಆ ಓಣಿಯಲ್ಲಿ ನೇಕಾರರ ಮನೆ ಅವರದೊಂದೇ. ಅವತ್ತು ಪಳನಿಯಮ್ಮಾಳ್ ಮತ್ತು ಅವಳ ನೆರೆಯವಳು ಕೈ ಕೊಟ್ಟದ್ದು ಹೊಸದನ್ನು ನೋಡುವ ಹುಮ್ಮಸ್ಸಿನಿಂದ. ಪ್ರತಿ ಪಾವಿಗೂ, ಬೆಳಗಿನ ಜಾವ ಎದ್ದು, ತಿರುಗಿ ಕೇಳಲು ತಮಗೆ ಪಾವೇ ಇಲ್ಲದಿರುವಾಗ, ಅವರು ಬಂದರೇ? ಬಂದಿದ್ದರೆ ಸೌಡಮ್ಮ ಬದಲಿಗೆ ಏನು ಕೊಟ್ಟರು? ಕೆಲವು ವರ್ಷಗಳ ಮೇಲೆ ಹಳೆಯ ಕಚೇರಿಗೆ ಹೋಗಿದ್ದಾಗ ಕೇಳಿದೆ. ಆ ಸಾಲದ ಕಂತುಗಳು ತಪ್ಪದೆ ಬರುತ್ತಿವೆ ಎಂದರು. ಕಂತು ಮಗ್ಗದಿಂದ ಬರುತ್ತಿದೆಯೋ ಸೋಮನೂರಿನ ಶೆಡ್ಡಿನಿಂದ ಬರುತ್ತಿದೆಯೋ ಅವರಿಗೆ ಹೇಗೆ ಗೊತ್ತಿರಬೇಕು? ಪಾಲಕ್ಕಾಡಿಗೆ ಹೋಗುವಾಗ ಎರಡು ಸಲ ಬಸ್ಸಿನಲ್ಲಿ ಆ ದಾರಿಯಲ್ಲಿ ಹಾದುಹೋದೆ. ರಸ್ತೆಯಿಂದ ಆ ಓಣಿ ಕಾಣುವುದಿಲ್ಲ. ನಾನು ಇಳಿಯಲಿಲ್ಲ. ಸೌಡಮ್ಮ ಆ ಮನೆಯಲ್ಲಿ ನೇಯ್ದರೋ ಇಲ್ಲವೋ ನನಗೆ ಗೊತ್ತಿಲ್ಲ.